ಪಥಸಹಚರನಾದ ನಾಯಿ: ಮಹಾಪ್ರಸ್ಥಾನವೂ ಆತಕೂರಿನ ಶಿಲಾಶಾಸನವೂ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ಶಿಲಾಶಾಸನವು ಕರ್ಣಾಟಕದ ಇತಿಹಾಸವನ್ನು ವ್ಯಾಸಂಗಮಾಡುವವರೆಲ್ಲರಿಗೂ ಪರಿಚಿತವಾದುದು. ಶಕವರ್ಷ 872, ಸೌಮ್ಯಸಂವತ್ಸರದ, ಎಂದರೆ ಕ್ರಿಸ್ತಶಕ 949-50ರ ಈ ಶಾಸನವು ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧಕ್ಕೆ ಮುಖ್ಯವಾದ ಆಧಾರವಾಗಿದೆ. ಗಂಗದೊರೆ ಇಮ್ಮಡಿ ಬೂತುಗನು ರಾಜಾದಿತ್ಯನನ್ನು ಕೊಂದನೆಂದೂ, ಅದಕ್ಕೆ ಮೆಚ್ಚಿ ಕೃಷ್ಣನು ಅವನಿಗೆ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇವುಗಳನ್ನು ಕೊಟ್ಟನೆಂದೂ ಇದರಿಂದಲೇ ತಿಳಿದುಬರುತ್ತದೆ. ರಾಜಾದಿತ್ಯನನ್ನು ಕೊಂದ ಬಗೆಯನ್ನು ಹೇಳುವಲ್ಲಿ ಬಂದಿರುವ 'ಬಿಸುಗೆ' ಎಂಬ ಒಂದು ಶಬ್ದದ ಅರ್ಥವನ್ನು ಕುರಿತು ವಿದ್ವಾಂಸರು ಬಹಳವಾಗಿ ವಾದಿಸಿದ್ದಾರೆ. ಆದರೆ ಈ ಕಲ್ಲು ನೆಟ್ಟದ್ದು ಬೂತುಗನಿಗಾಗಿಯೂ ಅಲ್ಲ, ತಕ್ಕೋಲದಲ್ಲಿ ಮಡಿದ ಯಾವ ವೀರನಿಗಾಗಿಯೂ ಅಲ್ಲ. ಕಾಳಿ ಎಂಬ ಒಂದು ನಾಯಿಗಾಗಿ. ಶಾಸನದ ಈ ಭಾಗವನ್ನು ಒಂದು ವಿಚಿತ್ರವೆಂದು ಹೇಳಿ ಮುಂದೆ ಸಾಗುವುದೇ ವಾಡಿಕೆಯಾಗಿದೆ. ಅದು ವಿಚಿತ್ರವೇ, ಅಥವಾ ಬಹುಕಾಲದಿಂದ ಬಂದ ಒಂದು ಭಾವನೆ ಕಲ್ಲಿನ ಮೇಲೆ ಮೂಡಿದ್ದೇ ಎಂಬುದು ವಿಚಾರಾರ್ಹವಾಗಿದೆ.

ಮೊದಲು ವಿರೋಧಪಕ್ಷವನ್ನು ನೋಡಬೇಕು. ಧರ್ಮಶಾಸ್ತ್ರಗಳಲ್ಲಿ ನಾಯಿಯ ಸ್ಥಾನವು ಗೌರವದ್ದಲ್ಲ. ಅದರ ಸ್ಪರ್ಶವೂ ಉಚ್ಛಿಷ್ಟವೂ ಮೈಲಿಗೆ. ಶ್ರಾದ್ಧದಲ್ಲಿ ಬ್ರಾಹ್ಮಣರು ಭೋಜನ ಮಾಡುತ್ತಿರುವಾಗ ಯಾರ ಯಾರ ದೃಷ್ಟಿಯು ಬೀಳಬಾರದೆಂದು ಮನುಸ್ಮೃತಿಯ ಮೂರನೆಯ ಅಧ್ಯಾಯವು ಎಣಿಸುವಾಗ ಹಂದಿಯನ್ನೂ ನಾಯಿಯನ್ನೂ ಒಂದೇ ಶ್ಲೋಕದಲ್ಲಿ ಸೇರಿಸಿದೆ. ಅದೇ ಅಧ್ಯಾಯದಲ್ಲಿ ವೈಶ್ವದೇವದ ಅನಂತರ ನಾಯಿಗಳಿಗೆ ನೆಲದ ಮೇಲೆ ಮೆಲ್ಲನೆ ಅನ್ನವನ್ನಿಡಬೇಕೆಂಬ ವಿಧಿಯೂ ಇದೆಯಾದರೂ ಅದು ಭೂತದಯೆಯ ಮಾತು, ಸಖ್ಯದ ಮಾತಲ್ಲ. ಈ ನಿಷೇಧಗಳೆಲ್ಲವೂ ಮನೆಗೆ, ಅಡಿಗೆಗೆ, ಯಜ್ಞಶಾಲೆಗೆ ಸಂಬಂಧಿಸಿದವು ಎಂಬುದನ್ನು ಮಾತ್ರ ಗಮನದಲ್ಲಿಡಬೇಕು. ಮನುಷ್ಯನು ಮನೆಯನ್ನು ಬಿಟ್ಟು ಕಾಡಿನ ದಾರಿಯನ್ನು ಹಿಡಿದಾಗ ನಾಯಿಯ ವಿಷಯದಲ್ಲಿ ಗ್ರಂಥಗಳು ಆಡುವ ಮಾತಿನ ಧಾಟಿಯೇ ಬೇರೆ.

ಋಗ್ವೇದದ ಹತ್ತನೆಯ ಮಂಡಲದಲ್ಲಿ ಯಮನ ಎರಡು ನಾಯಿಗಳಿಗೆ ಕೊಟ್ಟಿರುವ ವಿಶೇಷಣಗಳಲ್ಲಿ 'ಪಥಿರಕ್ಷೀ' ಎಂಬುದೊಂದು. ದಾರಿಯನ್ನು ಕಾಯುವವು ಎಂದರ್ಥ. ಅವು ಸರಮೆಯ ಮಕ್ಕಳು. ಆ ಸರಮೆಯಾದರೋ ಇಂದ್ರನ ದೂತಿಯಾಗಿ ರಸಾನದಿಯನ್ನು ದಾಟಿ, ಬಹುದೂರದ ಹಾದಿಯನ್ನು ನಡೆದು, ಪಣಿಗಳು ಬಚ್ಚಿಟ್ಟಿದ್ದ ಗೋವುಗಳನ್ನು ಹುಡುಕಿದವಳು. ಪಣಿಗಳು ತಂಗಿಯೆಂದು ಕರೆದು ಪಾಲು ಕೊಡುವೆವೆಂದರೂ ಒಡೆಯನನ್ನು ಬಿಡದವಳು. ಪರಲೋಕದ ದಾರಿಗಾಗಲಿ ಗೋವುಗಳ ಜಾಡಿಗಾಗಲಿ ನಾಯಿಯೇ ಬೇಕೆಂಬ ಭಾವನೆ ಇಲ್ಲಿಯೇ ಸ್ಪಷ್ಟವಾಗಿದೆ. ವ್ಯಾಕರಣವೂ ಇದಕ್ಕೆ ಸಾಕ್ಷಿ. 'ಚರತಿ', ಎಂದರೆ ಸಂಚರಿಸುತ್ತಾನೆ, ಎಂಬ ಅರ್ಥದ ಅಧಿಕಾರದಲ್ಲಿ ಪಾಣಿನಿಯು ಶ್ವಗಣಶಬ್ದಕ್ಕೆಂದೇ ಒಂದು ಸೂತ್ರವನ್ನು (4-4-11) ರಚಿಸಿದ್ದಾನೆ. ನಾಯಿಗಳ ಗುಂಪಿನೊಡನೆ ಸಂಚರಿಸುವವನು ಶ್ವಾಗಣಿಕನು. ಲೋಕದಲ್ಲಿ ಅಂಥವರು ವಿಶೇಷವಾಗಿ ಇಲ್ಲದಿದ್ದರೆ ಒಂದು ಪ್ರತ್ಯಯಕ್ಕಾಗಿ ಸೂತ್ರಕಾರನು ಅಷ್ಟು ಶ್ರಮಪಡುತ್ತಿರಲಿಲ್ಲ.

ಇವರು ಯಾರೆಂಬುದು ಕೌಟಿಲ್ಯನಿಂದ ತಿಳಿಯುತ್ತದೆ. ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ವಿವೀತಾಧ್ಯಕ್ಷನ, ಎಂದರೆ ಹುಲ್ಲುಗಾವಲುಗಳ ಅಧಿಕಾರಿಯ, ಕರ್ತವ್ಯವನ್ನು ಹೇಳುವಲ್ಲಿ, ಬೇಡರೂ ನಾಯಿಗಳನ್ನು ಕಟ್ಟಿಕೊಂಡವರೂ ಅರಣ್ಯಗಳಲ್ಲಿ ಸುತ್ತುತ್ತಿರಬೇಕೆಂದೂ, ಕಳ್ಳರೋ ಶತ್ರುಗಳೋ ಬಂದರೆ ತಾವು ಸಿಕ್ಕದಂತೆ ಬೆಟ್ಟವನ್ನೋ ಮರವನ್ನೋ ಹತ್ತಿ ಶಂಖದುಂದುಭಿಗಳ ಶಬ್ದವನ್ನು ಮಾಡಬೇಕೆಂದೂ ವಿಧಿಸಿದೆ. ಬೆಟ್ಟಗಾಡಿನಲ್ಲಿ ನಾಯಿಯೊಡನೆ ಅಲೆಯುವುದು ರಾಜಕಾರ್ಯವೇ ಆಗಿತ್ತು. ರಘುವಂಶದ ಒಂಬತ್ತನೆಯ ಸರ್ಗದಲ್ಲಿ ದಶರಥನು ಬೇಟೆಗೆ ಹೊಗುವ ಕಾಡನ್ನು ಮೊದಲು ಹೊಕ್ಕು ನಿಂತವರು ನಾಯಿಯವರೂ ಬಲೆಯವರೂ. ರಾಮಾಯಣದಲ್ಲಿ ಕೇಕಯರಾಜನು ಭರತನಿಗೆ ಅಂತಃಪುರದಲ್ಲಿ ಬೆಳೆದ ಹುಲಿಬಲದ ಹೆನ್ನಾಯಿಗಳನ್ನು ಕೊಟ್ಟನೆಂದಿದೆ. ಆದರೆ ಅಲ್ಲಿ ಅವು ಉಡುಗೊರೆಯ ಸಾಲಿಗೆ ಸೇರಿದವೇ ಹೊರತು ದಾರಿಯ ಜೊತೆಯಾಗಿ ಕಾಣುವುದಿಲ್ಲ. ಅಯೋಧ್ಯೆಗೆ ತ್ವರೆಪಡುತ್ತಿದ್ದ ಭರತನು ಆ ಉಡುಗೊರೆಗಳಿಗೆ ಸಂತೋಷಪಡಲೂ ಇಲ್ಲ.

ಈ ವಿಷಯದಲ್ಲಿ ಪರಮಪ್ರಮಾಣವು ಮಹಾಭಾರತವೇ. ಅದರ ಮೊದಲಿನಲ್ಲಿಯೂ ಕೊನೆಯಲ್ಲಿಯೂ ನಾಯಿಯಿದೆಯೆಂಬುದನ್ನು ಪಾಠಹೇಳುವವರು ಸಾಮಾನ್ಯವಾಗಿ ಎತ್ತಿ ತೋರಿಸುವುದುಂಟು. ಈ ಎರಡು ಪ್ರಸಂಗಗಳಿಗೆ ಒಂದೇ ಪ್ರಶ್ನೆಯು ವಿಷಯವಾಗಿದೆಯೆಂಬುದನ್ನು ಮಾತ್ರ ಅಷ್ಟಾಗಿ ಲಕ್ಷಿಸಿದಂತೆ ಕಾಣದು. ಆದಿಪರ್ವದಲ್ಲಿ ಕುರುಕ್ಷೇತ್ರದ ಸತ್ರಕ್ಕೆ ಬಂದ ಸರಮೆಯ ಮರಿಯನ್ನು ಜನಮೇಜಯನ ತಮ್ಮಂದಿರು ಹೊಡೆದಟ್ಟುತ್ತಾರೆ. ಮರಿಯು ತಾಯಿಯ ಬಳಿಗೆ ಅಳುತ್ತ ಹೋಗಿ, ತಾನು ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲವೆಂದು ಹೇಳುತ್ತದೆ. ನಿರಪರಾಧಿಯನ್ನು ಹೊಡೆದುದಕ್ಕೆ ಸರಮೆಯು ಕೊಟ್ಟ ಶಾಪದಿಂದ ಜನಮೇಜಯನು ತಲ್ಲಣಗೊಂಡು ಪುರೋಹಿತನನ್ನು ಅರಸುತ್ತಾನೆ. ನಾಯಿಯ ದೃಷ್ಟಿಯಿಂದ ಯಜ್ಞವು ಕೆಡುವುದೆಂಬ ಇದೇ ಮಾತನ್ನು ಮಹಾಪ್ರಸ್ಥಾನಿಕಪರ್ವದಲ್ಲಿ ಇಂದ್ರನು ಆಡುತ್ತಾನೆ. ಮೊದಲಿನಲ್ಲಿ ಮೊಮ್ಮಕ್ಕಳ ಮಕ್ಕಳ ಕಾಲದ ರಾಜಕುಮಾರರು ಆ ಮಾತಿಗೆ ಕಟ್ಟುಬಿದ್ದು ನಾಯಿಯನ್ನು ಹೊಡೆದರೆ, ಕೊನೆಯಲ್ಲಿ ಅವರ ವಂಶದ ಹಿರಿಯನು ದೇವರಾಜನ ಬಾಯಿಂದಲೇ ಅದನ್ನು ಕೇಳಿಯೂ ಒಪ್ಪುವುದಿಲ್ಲ.

ನಡುವೆ ಇನ್ನೊಂದು ನಾಯಿಯೂ ಇದೆ. ಪಾಂಡವರು ಬೇಟೆಗೆ ಹೊರಟಾಗ ಒಬ್ಬ ಸೇವಕನು ಸಲಕರಣೆಗಳನ್ನು ಹೊತ್ತು ಒಂದು ನಾಯಿಯೊಡನೆ ಅವರ ಹಿಂದೆ ನಡೆದನು. ನಾಯಿಯು ದಾರಿತಪ್ಪಿ ಏಕಲವ್ಯನನ್ನು ಕಂಡು ಬೊಗಳಿತು. ಅವನು ಅದರ ಬಾಯಿಗೆ ಏಳು ಬಾಣಗಳನ್ನು ಒಮ್ಮೆಗೇ ಎಚ್ಚನು. ಬಾಣಗಳು ತುಂಬಿದ ಬಾಯಿಂದಲೇ ಅದು ತನ್ನವರ ಬಳಿಗೆ ಮರಳಿತು. ಪಾಂಡವರು ಬಿಲ್ಗಾರನ ಕೈಚಳಕಕ್ಕೆ ಬೆರಗಾಗಿ ಅವನನ್ನು ಹುಡುಕಿಹೊರಟರು. ಆ ನಾಯಿ ಮುಂದೇನಾಯಿತೆಂದು ಕವಿಯು ಹೇಳಲಿಲ್ಲ, ಅವರಾರೂ ವಿಚಾರಿಸಿದಂತೆಯೂ ಇಲ್ಲ. ಏಕಲವ್ಯನ ಬೆರಳಿಗಾಗಿ ಮರುಗುವ ಸಹೃದಯರಲ್ಲಿಯೂ ಈ ಮೂಕಪ್ರಾಣಿಯನ್ನು ನೆನೆಯುವವರು ವಿರಳ.

ಮಹಾಪ್ರಸ್ಥಾನದ ನಾಯಿಯು ಕರೆಯದೆ ಬಂದುದು. ಪಾಂಡವರೈವರೂ ದ್ರೌಪದಿಯೂ ಹಸ್ತಿನಾವತಿಯಿಂದ ಹೊರಟಾಗ ಪುರಜನರು ಸ್ವಲ್ಪ ದೂರ ಬಂದು ಹಿಂದಿರುಗಿದರು, ನಾಯಿಯೊಂದು ಹಿಂದಿರುಗಲಿಲ್ಲ. ಅದನ್ನೂ ಸೇರಿಸಿಯೇ ಕವಿಯು ಯುಧಿಷ್ಠಿರನನ್ನು ಏಳನೆಯವನೆಂದು ಎಣಿಸಿದ್ದಾನೆ. ಪೂರ್ವದಲ್ಲಿ ಲೌಹಿತ್ಯದವರೆಗೆ, ಅಲ್ಲಿಂದ ದಕ್ಷಿಣಕ್ಕೆ, ಪಶ್ಚಿಮದಲ್ಲಿ ಕಡಲು ನುಂಗಿದ ದ್ವಾರಕೆಯವರೆಗೆ, ಅಲ್ಲಿಂದ ಉತ್ತರಕ್ಕೆ ಹಿಮವಂತವನ್ನೂ ಅದರಾಚೆಯ ಮರಳುಗಡಲನ್ನೂ ದಾಟಿ ಮೇರುವಿನ ಕಡೆಗೆ, ಹೀಗೆ ಭೂಪ್ರದಕ್ಷಿಣೆಯನ್ನೆಲ್ಲ ಅದು ಜೊತೆಯಲ್ಲಿಯೇ ಮಾಡಿತು. ದ್ರೌಪದಿ, ಸಹದೇವ, ನಕುಲ, ಅರ್ಜುನ, ಭೀಮ ಇವರು ಒಬ್ಬೊಬ್ಬರಾಗಿ ಬಿದ್ದರು. ಧರ್ಮರಾಜನು ಹಿಂದಿರುಗಿ ನೋಡದೆ ನಡೆದನು; ಹಿಂದೆ ನಡೆದುಬಂದುದು ನಾಯಿಯೊಂದೇ.

ಆಗ ನಡೆದ ಸಂವಾದದಲ್ಲಿ ಇಂದ್ರನ ವಾದವು ದುರ್ಬಲವಾದುದಲ್ಲ. ನಾಯಿಯುಳ್ಳವರಿಗೆ ಸ್ವರ್ಗದಲ್ಲಿ ಎಡೆಯಿಲ್ಲ. ಅವರ ಇಷ್ಟಾಪೂರ್ತಫಲವನ್ನು ಕ್ರೋಧವಶರೆಂಬವರು ಅಪಹರಿಸುವರು. ತಮ್ಮಂದಿರನ್ನೂ ಹೆಂಡತಿಯನ್ನೂ ಬಿಟ್ಟುಬಂದವನಿಗೆ ನಾಯಿಯನ್ನು ಬಿಡುವುದೇನು ಎಂದು ಅವನು ಕೇಳುತ್ತಾನೆ. ಈ ಕಡೆಯ ಪ್ರಶ್ನೆಯೇ ಮರ್ಮಘಾತಕವಾದುದು. ಯುಧಿಷ್ಠಿರನು ಕೊಟ್ಟ ಉತ್ತರವು ತಾರ್ಕಿಕರಿಗೂ ಒಪ್ಪುವಂತಿದೆ: ಸತ್ತವರೊಡನೆ ಸಂಧಿಯೂ ಇಲ್ಲ, ವಿಗ್ರಹವೂ ಇಲ್ಲ, ಅವರು ಬದುಕಿರುವಾಗ ತಾನು ಬಿಡಲಿಲ್ಲ, ಈ ನಾಯಿಯಾದರೋ ಬದುಕಿದೆ, ತನ್ನನ್ನೇ ನಂಬಿದೆ. ಶರಣಾಗತನನ್ನು ಹೆದರಿಸುವುದು, ಸ್ತ್ರೀವಧೆ, ಬ್ರಾಹ್ಮಣಸ್ವವನ್ನು ಅಪಹರಿಸುವುದು, ಮಿತ್ರದ್ರೋಹ ಈ ನಾಲ್ಕಕ್ಕೂ ಭಕ್ತತ್ಯಾಗವೊಂದೇ ಸಮವೆಂದು ಅವನು ನಿರ್ಣಯಿಸುತ್ತಾನೆ. ಇಲ್ಲಿ ಅವನು ಆಶ್ರಯಿಸಿದ್ದು ನಾಯಿಯ ಶುಚಿತ್ವವನ್ನಲ್ಲ. ಅದು ಅಶುಚಿಯಲ್ಲವೆಂದು ಅವನೆಲ್ಲಿಯೂ ವಾದಿಸುವುದಿಲ್ಲ. ಜೊತೆಯಲ್ಲಿ ನಡೆದುಬಂದುದೆಂಬುದೊಂದೇ ಅವನ ಹೇತು. ಆನೃಶಂಸ್ಯವೊಂದೇ ಅವನ ಧರ್ಮ.

ನಾಯಿಯು ವಸ್ತುತಃ ಧರ್ಮದೇವತೆಯೇ ಆದುದರಿಂದ ಇದು ಬರಿಯ ಪರೀಕ್ಷೆಯೆಂದು ಹೇಳಿ ಕಥೆಯನ್ನು ಮುಗಿಸುವ ವ್ಯಾಖ್ಯಾನವು ಸಮರ್ಪಕವಲ್ಲ. ಪರೀಕ್ಷೆಯಾಗುವುದು ಪರೀಕ್ಷಿತನಿಗೆ ತಿಳಿಯದಿದ್ದಾಗ. ಯುಧಿಷ್ಠಿರನಿಗೆ ಅದು ನಾಯಿಯೇ. ದೇವತೆಯನ್ನು ಬಿಡದವನಿಗೆ ಹೆಚ್ಚುಗಾರಿಕೆಯೇನು? ನಾಯಿಗಾಗಿ ಸ್ವರ್ಗವನ್ನು ಒಲ್ಲೆನೆಂದುದರಿಂದಲ್ಲವೇ ಧರ್ಮನು ನಿಜರೂಪವನ್ನು ತೋರಿದುದು!

ಇನ್ನು ಕನ್ನಡನಾಡಿಗೆ ಬಂದರೆ, ನಮ್ಮ ಮಹಾಕವಿಗಳಲ್ಲಿ ಈ ಪ್ರಸಂಗವು ದೊರೆಯದಿರುವುದು ಗಮನಾರ್ಹವಾಗಿದೆ. ಪಂಪನ ವಿಕ್ರಮಾರ್ಜುನವಿಜಯವು (941) ಅರ್ಜುನನ ಪಟ್ಟಾಭಿಷೇಕದೊಡನೆ ಮುಗಿಯುವುದರಿಂದ ಅಲ್ಲಿ ಮಹಾಪ್ರಸ್ಥಾನಕ್ಕೆ ಅವಕಾಶವೇ ಇಲ್ಲ. ಕುಮಾರವ್ಯಾಸನು ಗದಾಪರ್ವಕ್ಕೆ ನಿಲ್ಲಿಸಿದನು. ಉಳಿದ ಪರ್ವಗಳು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯಿಂದ ಪೂರ್ಣವಾದವು. ಆದರೆ ಪಂಪನ ಕಾವ್ಯವು ಹುಟ್ಟಿ ಹತ್ತು ವರ್ಷ ತುಂಬುವ ಮೊದಲೇ, ಕವಿಯಲ್ಲದ ಒಬ್ಬ ಯೋಧನು ಆತಕೂರಿನಲ್ಲಿ ಈ ಕಲ್ಲನ್ನು ನೆಡಿಸಿದನು.

ಅವನು ಸಗರವಂಶದ ಮಣಲೆರ, ಬೂತುಗನ ಆಳು. ಯುದ್ಧದಲ್ಲಿ ಅವನ ಪರಾಕ್ರಮಕ್ಕೆ ಮೆಚ್ಚಿ ಒಡೆಯನು 'ಬೇಡಿಕೊಳ್' ಎಂದಾಗ ಅವನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ; ಕಾಳಿಯೆಂಬ ನಾಯಿಯನ್ನು ದಯಪಾಲಿಸಬೇಕೆಂದನು. ಆತುಕೂರು ಹನ್ನೆರಡು ಬಾಳ್ಗಚ್ಚಾಗಿ ಅವನಿಗೆ ದೊರೆತುದೂ ಶಾಸನದಲ್ಲಿಯೇ ಇದೆ. ಆದರೆ ಅದು ಒಡೆಯನು ಕೊಟ್ಟದ್ದು, ಇದು ಆಳು ಕೇಳಿದ್ದು. ದಂಡಿನ ಬೀಡಿನಲ್ಲಿ ದಿನಗಳನ್ನು ಕಳೆದವನಿಗೆ ಯಾವುದು ಬೇಕೆನಿಸುವುದೆಂಬುದು ಇದರಿಂದ ತೋರುವುದು. ಬಳಿಕ ಕೆಳಲೆನಾಡಿನ ಬೆಳತೂರಿನ ಪಡುವಣ ದೆಸೆಯ ಮೊರಡಿಯಲ್ಲಿ, ಎಂದರೆ ಕಲ್ಲುಗುಡ್ಡದಲ್ಲಿ, ಕಾಳಿಯನ್ನು ಒಂದು ಹೆಬ್ಬಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ 'ಒಡಸತ್ತುವು'. ಶಾಸನಕಾರನು ಬಳಸಿದ್ದು ಇದೊಂದೇ ಕ್ರಿಯಾಪದ. ಗೆಲವೆಂದಾಗಲಿ ವೀರಸ್ವರ್ಗವೆಂದಾಗಲಿ ವರ್ಣನೆಯಿಲ್ಲ. ಮಣಲೆರನು ಚಲ್ಲೇಶ್ವರದ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಇರ್ಕಂಡುಗ ಮಣ್ಣನ್ನು ಬಿಟ್ಟನು. ನಾಯಿಯೂ ಹಂದಿಯೂ ಹೋರಾಡುವ ಚಿತ್ರವನ್ನು ಕಲ್ಲಿನಲ್ಲಿ ಕೆತ್ತಲಾಗಿದೆ. ಬೇಟೆಗೆ ಬಿಟ್ಟು ಕೊಲ್ಲಿಸಿದವನೇ ಕಲ್ಲು ನೆಡುವುದರಲ್ಲಿ ಯಾವ ದೊಡ್ಡತನವೆಂದು ಕೇಳುವವರಿರಬಹುದು. ಮಣಲೆರನು ಯುಧಿಷ್ಠಿರನಲ್ಲವೆಂಬುದು ನಿಜ. ಆದರೆ ಸತ್ತ ನಾಯಿಯೊಡನೆ ಸಂಧಿಯೂ ಇಲ್ಲವೆಂದು ಅವನು ಬಗೆಯಲಿಲ್ಲ.

ಶಾಸನದ ಕೊನೆಯ ಮಾತು ಅತ್ಯಂತ ಮಹತ್ತ್ವದ್ದು. ಆ ಸ್ಥಾನವನ್ನಾಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಗೆಯ್ದ ಪಾಪವನ್ನು ಹೊಂದುವನೆಂದಿದೆ. ಯಾವ ಎರಡು ಪ್ರಾಣಿಗಳ ದೃಷ್ಟಿಯಿಂದ ಶ್ರಾದ್ಧದ ಊಟವು ಕೆಡುವುದೆಂದು ಸ್ಮೃತಿಯು ಹೇಳಿತೋ, ಆ ಎರಡು ಪ್ರಾಣಿಗಳೇ ಇರುವ ಕಲ್ಲನ್ನು ಪೂಜಿಸಿದ ಹೊರತು ಶಿವಾಲಯದ ಅರ್ಚಕನು ಉಣ್ಣಕೂಡದು! 'ನಾಯಿ ಗೆಯ್ದ ಪಾಪ' ಎಂಬುದನ್ನು ನಾಯಿಗೆ ಮಾಡಿದ ದ್ರೋಹದ ಪಾಪವೆಂದು ಅರ್ಥೈಸಬೇಕೆಂದು ತೋರಬಹುದಾದರೂ ಪದಗಳ ಸಹಜವಾದ ಅನ್ವಯದಲ್ಲಿ ನಾಯಿಯೇ ಕರ್ತೃ. ಬದುಕೆಲ್ಲ ಪ್ರಾಣಿಹಿಂಸೆಯಲ್ಲಿ ತೊಡಗಿದ್ದ ಆ ನಾಯಿಗೆ ಪಾಪವುಂಟು. ನಿತ್ಯಪೂಜೆಯಿಂದ ಅದು ಪರಿಹಾರವಾಗುತ್ತಿರಬೇಕು. ಪೂಜೆಯನ್ನು ತಪ್ಪಿಸಿದವನ ತಲೆಗೆ ಅದು ಬರುವುದು ಎಂಬುದು ಇದರ ಅಭಿಪ್ರಾಯವೆಂದು ಊಹಿಸಬಹುದು. ಪುಣ್ಯಪಾಪಗಳ ಲೆಕ್ಕಕ್ಕೆ ನಾಯಿಯೂ ಸೇರಿತೆಂಬುದರಲ್ಲಿ ಮಹಾಪ್ರಸ್ಥಾನವೂ ಈ ಕಲ್ಲೂ ಒಂದಾಗುತ್ತವೆ. ಅಲ್ಲಿ ಒಡೆಯನು ನಾಯಿಗಾಗಿ ತನ್ನ ಪುಣ್ಯವನ್ನು ಪಣವಾಗಿಟ್ಟನು. ಇಲ್ಲಿ ಒಡೆಯನು ನಾಯಿಯ ಪಾಪಕ್ಕೆ ಕಾವಲಿರಿಸಿದನು.

ತಮಿಳುನಾಡಿನ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಏಳನೆಯ ಶತಮಾನದ, ವೀರಗಲ್ಲಿನಲ್ಲಿಯೂ ತುರುಗಾಳಗದಲ್ಲಿ ಒಡೆಯನೊಡನಿದ್ದ ನಾಯಿಯ ರೂಪವೂ ಹೆಸರೂ ಕಾಣುವುದರಿಂದ, ಈ ಪದ್ಧತಿಯು ಮಣಲೆರನೊಬ್ಬನ ಚಾಪಲ್ಯವಲ್ಲವೆಂಬುದು ಸಿದ್ಧ. ಆದರೆ ಆತಕೂರಿನ ಗೊರವನಿಗೂ, ಇಂದು ಮೈಲಾರನ ದೋಣಿಸೇವೆಯಲ್ಲಿ ನಾಯಿಯಂತೆ ಬೊಗಳಿ ಉಣ್ಣುವ ಗೊರವರಿಗೂ ಸಂಬಂಧವನ್ನು ಕಲ್ಪಿಸುವುದು ಆತುರದ ಕೆಲಸವಾದೀತು. ಶಾಸನಗಳಲ್ಲಿ ಗೊರವನೆಂದರೆ ಸಾಮಾನ್ಯವಾಗಿ ಶೈವ ತಪಸ್ವಿ. ಎರಡು ಶತಮಾನ ಕಳೆಯುವುದರೊಳಗೆ ಚಾಲುಕ್ಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಸಾರಮೇಯವಿನೋದವನ್ನು ಅರಸರ ಇಪ್ಪತ್ತು ವಿನೋದಗಳಲ್ಲಿ ಒಂದಾಗಿ ನಿರೂಪಿಸಿದನು. ನಾಯಿಗಳ ಲಕ್ಷಣವನ್ನೂ ಹಂದಿಬೇಟೆಯ ಕ್ರಮವನ್ನೂ ಅಲ್ಲಿ ವಿವರವಾಗಿ ಕಾಣಬಹುದು. ಒಂದು ನಾಯಿಯ ಹೆಸರನ್ನು ಮಾತ್ರ ಕಾಣಬೇಕಾದರೆ ಆತಕೂರಿನ ಕಲ್ಲಿಗೇ ಬರಬೇಕು.