ವಾಡೆ, ಪೇಟೆ, ಚರಕ: ಗರಗ–ಹುಬ್ಬಳ್ಳಿ ಸೀಮೆಯ ದುಡಿಯುವವರೂ ಉಳ್ಳವರೂ

ಧಾರವಾಡ ತಾಲೂಕಿನ ಗರಗದಿಂದ ಹುಬ್ಬಳ್ಳಿ ಪೇಟೆಯವರೆಗಿನ ಸೀಮೆಯಲ್ಲಿ ಸಿರಿತನಕ್ಕೂ ಬಡತನಕ್ಕೂ ಹತ್ತಿಯ ನಂಟಿದೆ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜವನ್ನು ಇಲ್ಲಿನ ಎರೆಭೂಮಿಯಲ್ಲಿ ಬಿತ್ತಿಸಿತು. ಆ ಬೆಳೆಗೆ ‘ಧಾರವಾಡ–ಅಮೆರಿಕನ್’ ಎಂಬ ಹೆಸರೇ ಬಿತ್ತು. 1861–65ರ ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಗದೆ ಹೋದಾಗ ಬೆಲೆ ಏರಿತು, ಅರಳೆಯ ಅಂಡಿಗೆಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋದವು. ಆ ಸುಗ್ಗಿ ಬಹುಕಾಲ ನಿಲ್ಲಲಿಲ್ಲ. ಅದು ಮುಗಿದ ಮೇಲೆ ದಲಾಲಿ ಅಂಗಡಿ ಪೇಟೆಯಲ್ಲಿ ಉಳಿಯಿತು, ಸಾಲ ಹಳ್ಳಿಯಲ್ಲಿ ಉಳಿಯಿತು.

ಹೊಲದ ಕೂಲಿಯನ್ನು ಬಿಟ್ಟು ಬೇರೆ ದುಡಿಮೆಗೆ ದಾರಿ ತೆರೆದದ್ದು ರೈಲು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಹೂಡಿತು. ನೂಲಿನ ಗಿರಣಿಯೂ ಬಂತು. ತಿಂಗಳ ಪಗಾರ, ಪಾಳಿ, ಗಿರಣಿಯ ಕೂಗಾದ ಭೋಂಗಾ ಎಂಬ ಮಾತುಗಳು ಜನರ ಬಾಯಿಗೆ ಹೊಕ್ಕವು. ಅಲ್ಲಿನ ಒರಟು ಕೆಲಸಕ್ಕೆ ಹೊರಗಿನಿಂದ ಬಂದವರೂ ಊರಂಚಿನವರೂ ನಿಂತರು. ಹುಬ್ಬಳ್ಳಿಯ ಸೆಟ್ಲ್‌ಮೆಂಟಿನಲ್ಲಿ ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ ಹೊತ್ತವರನ್ನು ಕಾಯ್ದೆಯೇ ಹಿಡಿದಿಟ್ಟಿತ್ತು. ಅವರು ಹಾಜರಿ ಕೊಟ್ಟು ಕೆಲಸಕ್ಕೆ ಹೋಗಬೇಕಿತ್ತು. ಮುಂಬಯಿ ಪ್ರಾಂತದಲ್ಲಿ ಆ ಕಾಯ್ದೆ ರದ್ದಾದದ್ದು 1949ರಲ್ಲಿ, ದೇಶಾದ್ಯಂತ 1952ರಲ್ಲಿ. ಬಡಾವಣೆಗೆ ಸೆಟ್ಲ್‌ಮೆಂಟ್ ಎಂಬ ಹೆಸರು ಮಾತ್ರ ಉಳಿದುಕೊಂಡಿತು.

ಉಳ್ಳವರಲ್ಲಿ ಎರಡು ಬಗೆ. ಹಳ್ಳಿಯ ವಾಡೆಗಳಲ್ಲಿ ದೇಸಾಯಿ, ಇನಾಂದಾರ, ವತನದಾರ ಮನೆತನಗಳಿದ್ದವು. ಪೇಟೆಯಲ್ಲಿ ಹತ್ತಿ ವ್ಯಾಪಾರಿಗಳೂ ಅಡತಿಯವರೂ ಇದ್ದರು. ಎರಡೂ ಬಗೆಯವರ ಹಣದ ಒಂದು ಪಾಲು ವಿದ್ಯೆಯ ಕಡೆ ಹರಿದದ್ದು ಈ ಸೀಮೆಯ ವಿಶೇಷ. ಶಿರಸಂಗಿಯ ಲಿಂಗರಾಜ ದೇಸಾಯಿ 1906ರಲ್ಲಿ ತೀರಿಕೊಂಡಾಗ ಅವರ ಸಂಸ್ಥಾನದ ಆಸ್ತಿ ವಿದ್ಯಾರ್ಥಿಗಳ ನೆರವಿಗೆ ಮೀಸಲಾಗಿತ್ತು. 1947ರಲ್ಲಿ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜು ತೆರೆದದ್ದು ದಾನಿ ಭೂಮರಡ್ಡಿಯವರ ಹೆಸರಿನಲ್ಲಿ. ಈ ದಾನಗಳ ಹಿಂದೆ ಲಾವಣಿ, ಅಂದರೆ ಗೇಣಿ, ರೈತನ ಬೆವರೂ ಇತ್ತೆಂಬುದು ಕಾಲೇಜಿನ ಶಿಲಾಫಲಕಗಳಲ್ಲಿ ಕಾಣುವ ಮಾತಲ್ಲ.

ಲಾವಣಿಯ ಕಥೆ ತೊಡಕಿನದು. 1948ರ ಮುಂಬಯಿ ಗೇಣಿ ಕಾಯ್ದೆ ಉಳುವವನಿಗೆ ರಕ್ಷಣೆ ಕೊಟ್ಟಿತು. 1950ರ ದಶಕದ ಆರಂಭದಲ್ಲಿ ವತನ, ಇನಾಮುಗಳ ರದ್ದತಿಯ ಕಾಯ್ದೆಗಳು ಬಂದವು. ಗೇಣಿ ಕಾಯ್ದೆಗೆ 1956ರಲ್ಲಿ ಆದ ತಿದ್ದುಪಡಿಯ ಪ್ರಕಾರ 1957ರ ಏಪ್ರಿಲ್ 1ರಂದು, ‘ಉಳುವವರ ದಿನ’ದಂದು, ಗೇಣಿದಾರ ಹೊಲವನ್ನು ಕೊಂಡವನೆಂದೇ ಎಣಿಕೆಯಾಗಬೇಕಿತ್ತು. ಅಷ್ಟರಲ್ಲಿ 1956ರ ನವೆಂಬರ್ 1 ಬಂತು. ಧಾರವಾಡ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು, ಹೊಸ ಸರಕಾರ ಆ ಕಲಮುಗಳನ್ನು ಅಮಾನತಿನಲ್ಲಿಟ್ಟಿತು. ಕನ್ನಡ ನಾಡು ಒಂದಾದ ಸಂಭ್ರಮದ ನಡುವೆ ಈ ಭಾಗದ ಗೇಣಿದಾರ ಕೈಗೆ ಬಂದ ತುತ್ತನ್ನು ಕಳೆದುಕೊಂಡ. 1961ರ ಭೂಸುಧಾರಣಾ ಕಾಯ್ದೆ ಜಾರಿಯಾದದ್ದೇ 1965ರಲ್ಲಿ. ದೇವರಾಜ ಅರಸು ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ನಂತರವೇ ಒಡೆತನಕ್ಕಾಗಿ ಫಾರ್ಮ್ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಯ ಮುಂದೆ ನಿಲ್ಲುವ ದಿನ ಬಂತು. ಆ ನಡುವಿನ ಹದಿನೇಳು ವರ್ಷಗಳಲ್ಲಿ ಸ್ವಂತ ಸಾಗುವಳಿ ಎಂದು ತೋರಿಸಲು, ಮಕ್ಕಳ ಹೆಸರಿಗೆ ಹಂಚಲು ವಾಡೆಗಳಿಗೆ ಬೇಕಾದಷ್ಟು ಬಿಡುವು ಸಿಕ್ಕಿತು.

ಭೂಮಿಯಿಲ್ಲದ ಮನೆಗಳ ಹೆಂಗಸರಿಗೆ ಈ ಕಾಯ್ದೆಗಳು ಏನನ್ನೂ ಕೊಡಲಿಲ್ಲ. ಅವರ ಪಾಲಿಗೆ ಬಂದದ್ದು ಚರಕ. ಕೈನೂಲಿನ ಬಟ್ಟೆಯಲ್ಲೇ ಆಗಬೇಕಿದ್ದ ರಾಷ್ಟ್ರಧ್ವಜಕ್ಕೆ 1951ರಲ್ಲಿ ಅಧಿಕೃತ ಮಾನಕ ಗೊತ್ತಾಯಿತು. 1954ರಲ್ಲಿ ಸ್ವಾತಂತ್ರ್ಯ ಹೋರಾಟಗಾರರು ಗರಗದಲ್ಲಿ ಕ್ಷೇತ್ರೀಯ ಸೇವಾ ಸಂಘವನ್ನು ಕಟ್ಟಿದರು, ಮುಂದೆ ಅದು ಧ್ವಜದ ಬಟ್ಟೆಗೇ ಹೆಸರಾಯಿತು. ಹಂಜಿ ತಂದು ನೂಲುವುದು, ಲಡಿ ಎಣಿಸಿ ಕೂಲಿ ಪಡೆಯುವುದು: ಹೊಲದ ಕೂಲಿಯಂತೆ ಮಳೆ ನೋಡಬೇಕಿಲ್ಲ, ಗೌಡನ ಮನೆಯ ಕಟ್ಟೆಯ ಮುಂದೆ ಕಾಯಬೇಕಿಲ್ಲ. ಆದರೆ ಕೂಲಿ ಎಂದೂ ದೊಡ್ಡದಾಗಿರಲಿಲ್ಲ. ನೂಲು ಒಂದೇ ಹದದಲ್ಲಿ ಬರಬೇಕು, ನೇಯ್ಗೆ ಮಾನಕಕ್ಕೆ ಒಪ್ಪಬೇಕು. ಇಷ್ಟು ನಿಖರ ಕಸುಬಿಗೆ ಇಷ್ಟು ಕಡಿಮೆ ಬೆಲೆ ಕಟ್ಟಿದ ಉದಾಹರಣೆಗಳು ವಿರಳ.

1957ರ ನವೆಂಬರ್ 1ರಂದು ಹುಬ್ಬಳ್ಳಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿತು. ಸಂಘದ ಬೆಂಗೇರಿ ಘಟಕ ಧ್ವಜ ಹೊಲಿಯತೊಡಗಿದ್ದು 2004ರಲ್ಲಿ, ಮಾನಕ ಸಂಸ್ಥೆಯ ಮುದ್ರೆ ದೊರೆತದ್ದು 2006ರಲ್ಲಿ. ಆ ಹೊತ್ತಿಗೆ ನಗರದ ಗಿರಣಿಯ ಭೋಂಗಾ ನಿಂತುಹೋಗಿತ್ತು. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ ಬಟ್ಟೆಗೂ ಪಾಲಿಸ್ಟರಿಗೂ ಒಪ್ಪಿಗೆ ಸಿಕ್ಕಿತು. ಕೈನೂಲಿನವರ ವಿರೋಧ ಅದನ್ನು ತಡೆಯಲಿಲ್ಲ. ಧಾರವಾಡದ ಪಕ್ಕದ ಬೇಲೂರು ಕೈಗಾರಿಕಾ ಪ್ರದೇಶದ ಪಾಳಿ ಕೆಲಸವೀಗ ಈ ಭಾಗದ ಹರೆಯದವರನ್ನು ಕರೆಯುತ್ತಿದೆ.