ಸೈಕಲ್ಲಿನ ಹಿಂದೆ ಓಡಿದವರು

ಭಾನುವಾರ ಬೆಳಿಗ್ಗೆ ಹಾಲು ತರಲು ಹೊರಟರೆ ಜಯನಗರದ ನಮ್ಮ ರಸ್ತೆಯಲ್ಲಿ ಸೈಕಲ್ ಸವಾರರ ಗುಂಪೊಂದು ಎದುರಾಗುತ್ತದೆ. ಕನಕಪುರ ರಸ್ತೆ ಹಿಡಿದು ಹೋಗಿ ತಿಂಡಿಯ ಹೊತ್ತಿಗೆ ಮರಳುವ ಹುಡುಗರು. ಅವರನ್ನು ಕಂಡಾಗಲೆಲ್ಲ ನನಗೆ ಇನ್ನೊಬ್ಬ ಸವಾರರ ನೆನಪಾಗುತ್ತದೆ. ಅವರೂ ನಮ್ಮ ಬೆಂಗಳೂರಿನವರೇ. ಆದರೆ ಅವರು ಸೈಕಲ್ ತುಳಿದದ್ದು ದೆಹಲಿಯಿಂದ ಮುಂಬೈಗೆ, ಸುಮಾರು 1,400 ಕಿಲೋಮೀಟರ್ ದೂರ.

ಇಸ್ರೋದಿಂದ ನಿವೃತ್ತರಾದ ಕೆ. ಉನ್ನಿಕೃಷ್ಣನ್ ಅವರು. 2008ರ ನವೆಂಬರ್ 26ರಂದು ಮುಂಬೈ ಮೇಲೆ ನಡೆದ ದಾಳಿ ಯಾರಿಗೆ ಮರೆತೀತು? ತಾಜ್ ಹೋಟೆಲಿನೊಳಗೆ ಗಾಯಗೊಂಡ ಜೊತೆಗಾರನನ್ನು ಹೊರಗೆ ಕಳಿಸಿ, ತಾನು ಮುಂದೆ ನುಗ್ಗಿ ನವೆಂಬರ್ 28ರಂದು ಪ್ರಾಣ ಕೊಟ್ಟ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಇವರ ಒಬ್ಬನೇ ಮಗ. ಆಗ ವಯಸ್ಸು 31. ಮುಂದಿನ ಗಣರಾಜ್ಯೋತ್ಸವದಲ್ಲಿ ರಾಷ್ಟ್ರಪತಿ ಪ್ರತಿಭಾ ಪಾಟೀಲರ ಕೈಯಿಂದ ಅಶೋಕ ಚಕ್ರವನ್ನು ಸ್ವೀಕರಿಸಿದವರು ತಾಯಿ ಧನಲಕ್ಷ್ಮಿ. 2010ರಲ್ಲಿ ತಂದೆ ಇಂಡಿಯಾ ಗೇಟಿನಿಂದ ಗೇಟ್‌ವೇ ಆಫ್ ಇಂಡಿಯಾದವರೆಗೆ ಸೈಕಲ್ ತುಳಿದರು. ವಿಮಾನದಲ್ಲಿ ಎರಡು ಗಂಟೆಯ ದಾರಿ. ಸೈಕಲ್ಲಿಗೆ ಊರೂರೂ ಸಿಗುತ್ತದೆ, ಚಹಾದ ಅಂಗಡಿ ಸಿಗುತ್ತದೆ, ಎಲ್ಲಿಂದ ಬಂದಿರಿ, ಏಕೆ ಹೊರಟಿರಿ ಎಂದು ಕೇಳುವ ಜನ ಸಿಗುತ್ತಾರೆ. ಕೇಳಿದವರಿಗೆಲ್ಲ ಮಗನ ಹೆಸರು ಹೇಳಬಹುದು.

ಸತ್ತವರ ಹೆಸರು ಉಳಿಸುವ ಈ ಹಂಬಲ ನಮ್ಮ ನೆಲದಲ್ಲಿ ಹಳೆಯದು. ಬಿ.ಟಿ.ಎಂ. ಲೇಔಟಿನಿಂದ ಬೊಮ್ಮನಹಳ್ಳಿಯ ಕಡೆಗೆ ಹೋದರೆ ಬೇಗೂರು. ಅಲ್ಲಿನ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. 'ಬೆಂಗಳೂರು' ಎಂಬ ಹೆಸರು ಬಹಳ ಹಿಂದೆಯೇ ಕಾಣಿಸಿಕೊಳ್ಳುವುದು ಅದರಲ್ಲಿ. ಅರಮನೆ ಕಟ್ಟಿದ ಸುದ್ದಿಯಲ್ಲ, ಕೆರೆ ತೋಡಿಸಿದ ಸುದ್ದಿಯೂ ಅಲ್ಲ; ಬೆಂಗಳೂರ ಕಾಳಗದಲ್ಲಿ ಬುಟ್ಟಣಶೆಟ್ಟಿ ಎಂಬವನು ಮಡಿದ ಸುದ್ದಿ. ನಮ್ಮ ಊರಿನ ಹೆಸರು ನಮ್ಮ ಕೈಗೆ ಸಿಕ್ಕಿದ್ದೇ ಒಬ್ಬನ ಸಾವಿನೊಡನೆ.

ಮಕ್ಕಳಿಗೆ ವೀರಗಲ್ಲಿನ ಪಾಠ ಹೇಳುವಾಗ ಹಲಗೆಯ ಮೇಲೆ ಮೂರು ಪಟ್ಟಿ ಬರೆಯುತ್ತಿದ್ದೆ. ಕೆಳಗೆ ಯುದ್ಧ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಗಂಡನ ಚಿತೆಯೇರಿದ ಹೆಂಡತಿಗೆ ಮಾಸ್ತಿಕಲ್ಲು. ಒಮ್ಮೆ ಒಬ್ಬ ಹುಡುಗಿ ಎದ್ದು, "ಮಿಸ್, ಅವನ ಅಮ್ಮ ಎಲ್ಲಿ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ತಾಯಿಗೆಂದು ನೆಟ್ಟ ಕಲ್ಲನ್ನು ನಾನಂತೂ ಕಂಡಿಲ್ಲ.

ಆ ಪ್ರಶ್ನೆ ಕೇಳಿಸಿಕೊಂಡವಳು ನಾನು, ಆದರೂ ಅದೇ ತಪ್ಪನ್ನು ಮಾಡಿದೆ. ಕೆಲವು ವರ್ಷಗಳ ಹಿಂದೆ ಗಣರಾಜ್ಯೋತ್ಸವಕ್ಕೆ ನಮ್ಮ ಶಾಲೆಗೆ ಬನಶಂಕರಿಯ ಕಡೆಯಿಂದ ಒಬ್ಬ ಯೋಧನ ತಾಯಿಯನ್ನು ಕರೆಸಿದ್ದೆವು. ಶಾಲು, ಹಾರ, ಹಣ್ಣಿನ ಬುಟ್ಟಿ, ಎಲ್ಲ ಸಾಂಗವಾಗಿ ಆಯಿತು. ನಿರೂಪಣೆ ನನ್ನದು. 'ವೀರಮಾತೆ' ಎಂದು ಮೂರು ಸಲ ಹೇಳಿದೆ. ಅವರ ಹೆಸರನ್ನು ಒಂದು ಸಲವೂ ಹೇಳಲಿಲ್ಲ. ನನ್ನ ಚೀಟಿಯಲ್ಲಿ ಅದನ್ನು ಬರೆದುಕೊಂಡೇ ಇರಲಿಲ್ಲ. ಅತಿಥಿಗಳ ಭಾಷಣ ಉದ್ದವಾಗಿ, ಅವರಿಗೆ ಎರಡು ಮಾತಾಡಲು ಹೊತ್ತೂ ಉಳಿಯಲಿಲ್ಲ.

ಆಟೋ ಹತ್ತಿಸಲು ಹೋದಾಗ ಅವರು ಮೆಲ್ಲಗೆ ಹೇಳಿದರು: "ಎಲ್ಲಾರೂ ಅವನು ಹೇಗೆ ಹೋದ ಅಂತ ಕೇಳ್ತಾರೆ ಮಿಸ್. ಹೇಗಿದ್ದ ಅಂತ ಯಾರೂ ಕೇಳಲ್ಲ."

ಮುಂದಿನ ಭಾನುವಾರ ಅವರ ಮನೆಗೆ ಹೋದೆ. ಕಾಫಿ ಕೊಟ್ಟು, ಕೇಳದೆಯೇ ಹೇಳತೊಡಗಿದರು. ಗಂಟೆಗಿಷ್ಟು ಎಂದು ಬಾಡಿಗೆ ಸೈಕಲ್ ತಂದು ಮಗನಿಗೆ ಕಲಿಸಿದ್ದು ಅವರೇ. ಸೆರಗು ಸಿಕ್ಕಿಸಿಕೊಂಡು, ಸೀಟು ಹಿಡಿದು, ಹಿಂದೆ ಹಿಂದೆ ಓಡಿದ್ದು. "ಬಿಡಬೇಡಮ್ಮಾ ಅಂತಿದ್ದ. ಬಿಟ್ಟು ಎಷ್ಟೋ ಹೊತ್ತಾಗಿತ್ತು, ಅವನಿಗೆ ಗೊತ್ತೇ ಇರ್ಲಿಲ್ಲ" ಎಂದು ನಕ್ಕರು. ಆಮೇಲೆ ಲೋಟ ತೊಳೆಯುವ ನೆವದಿಂದ ಒಳಗೆ ಹೋದವರು ಬಹಳ ಹೊತ್ತು ಬರಲಿಲ್ಲ.

2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸಿ.ಆರ್.ಪಿ.ಎಫ್.ನ 40 ಯೋಧರು ಮಡಿದರು. ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರು ಅವರಲ್ಲೊಬ್ಬರು. ಆಮೇಲೆ ಬೆಂಗಳೂರಿನ ಸಂಗೀತಗಾರ ಉಮೇಶ್ ಗೋಪಿನಾಥ್ ಜಾಧವ್ ಕಾರಿನಲ್ಲಿ ಸುಮಾರು 61,000 ಕಿಲೋಮೀಟರ್ ಸುತ್ತಿ, ಆ ಯೋಧರ ಮನೆಗಳಿಂದ ಮಣ್ಣು ಸಂಗ್ರಹಿಸಿ, 2020ರ ಫೆಬ್ರುವರಿ 14ರಂದು ಲೇತ್‌ಪೋರಾದ ಸ್ಮಾರಕಕ್ಕೆ ಒಪ್ಪಿಸಿದರು. ಆ ಸುದ್ದಿ ಓದಿದಾಗ ನನ್ನ ಮನಸ್ಸು ಸ್ಮಾರಕದ ಕಡೆ ಹೋಗಲಿಲ್ಲ. ಅಷ್ಟು ದೂರದಿಂದ ಬಂದವನೊಬ್ಬ ಮನೆ ಬಾಗಿಲಲ್ಲಿ ನಿಂತಾಗ ಒಳಗಿನಿಂದ ಬಂದ ತಾಯಂದಿರ ಕಡೆ ಹೋಯಿತು. ಪದಕ ಪಡೆಯಲು ತಾಯಿ ದೆಹಲಿಗೆ ಹೋಗಬೇಕು. ಇಲ್ಲಿ ಗೌರವವೇ ಅವಳ ಅಂಗಳಕ್ಕೆ ಬಂದಿತ್ತು.

ನಮಗೆ ಸಾವಿರಾರು ಮೈಲಿಯ ಯಾತ್ರೆ ಆಗದು. ಜೆ.ಪಿ. ನಗರದಿಂದ ಬನಶಂಕರಿಗೆ ಬಸ್ಸು ಹತ್ತುವುದಾದರೂ ಆದೀತು. ನಿಮ್ಮ ಬೀದಿಯಲ್ಲೂ ಅಂಥ ತಾಯಿಯೊಬ್ಬರಿರಬಹುದು. ಜನವರಿ, ಆಗಸ್ಟ್ ತಿಂಗಳಿಗಾಗಿ ಕಾಯದೆ, ಬರಿಗೈಯಲ್ಲೇ ಹೋಗಿ ಕುಳಿತರೂ ಸಾಕು.

ಆ ತಾಯಿಯ ಹೆಸರನ್ನು ಇಲ್ಲಿ ಬರೆಯಲೇ ಎಂದು ಕೇಳಿದ್ದೆ. "ಬೇಡ ಮಿಸ್, ನಿಮಗೆ ಗೊತ್ತಿದ್ರೆ ಸಾಕು" ಎಂದರು. ಆದ್ದರಿಂದ ಬರೆದಿಲ್ಲ. ನನ್ನ ಪಾಠದ ಟಿಪ್ಪಣಿ ಪುಸ್ತಕದಲ್ಲಿ, ವೀರಗಲ್ಲಿನ ಮೂರು ಪಟ್ಟಿಗಳ ಪಕ್ಕದಲ್ಲಿ, ಅದು ಇದೆ.