ಹಿರಿಯ ನಾಗರಿಕರ ಹಗಲು ಯೋಗಕ್ಷೇಮ ಕೇಂದ್ರ (ಜಮಖಂಡಿ ಉಪವಿಭಾಗ)

ಮನೆಯಲ್ಲೇ ಬಾಳುವ ವೃದ್ಧರು ಹಗಲು ಬಂದು ಸಂಜೆ ಮರಳುವ ತಾಣ. ಪತ್ರಿಕೆ ಓದು, ಭಜನೆ, ಲಘು ವ್ಯಾಯಾಮ, ರಕ್ತದೊತ್ತಡದ ತಪಾಸಣೆ ಇಂಥ ಕೇಂದ್ರಗಳ ರೂಢಿಯ ಚಟುವಟಿಕೆಗಳು. ಆದರೆ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳ ಮಟ್ಟಿಗೆ ಇವೆಲ್ಲಕ್ಕಿಂತ ಅರ್ಜಿ ಬರೆದುಕೊಡುವ ಮೇಜೇ ಮುಖ್ಯವೆನ್ನಬೇಕು. ಬನಹಟ್ಟಿಯ ಮಗ್ಗದ ನೇಕಾರರಿಗಾಗಲಿ ಮುಧೋಳದ ಕಬ್ಬಿನ ಹೊಲದ ಕೂಲಿಗಳಿಗಾಗಲಿ ನಿವೃತ್ತಿವೇತನವಿಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬೀಳಗಿಯ ಹಳ್ಳಿಗಳನ್ನು ನುಂಗಿದಾಗ ಹಳೆಯ ನೆರೆಹೊರೆಯೂ ಚದುರಿತು. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಮಾಸಾಶನವುಂಟು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗಿದೆ, ಕಚೇರಿ ಜಮಖಂಡಿಯಲ್ಲಿ. ಹಕ್ಕಿದ್ದೂ ಕಾಗದ ಹೊಂದಿಸಲಾರದವರಿಗೆ ಇವೆರಡೂ ದೂರವೇ.

ಗುಡಿಯ ಕಟ್ಟೆ ಇರುವಾಗ ಕೇಂದ್ರವೇಕೆ ಎಂಬ ಆಕ್ಷೇಪವಿದೆ. ಕಟ್ಟೆ ಮಾತಿಗೆ ಜೊತೆ ಕೊಡುತ್ತದೆ, ನಿಜ. ಆದರೆ ಅಲ್ಲಿ ಹೆಂಗಸರು ಕೂಡುವುದು ಅಪರೂಪ, ಊರ ಕಿವಿಗೆ ಬೀಳುವಂತೆ ಮಗನ ಮೇಲೆ ದೂರು ಹೇಳುವವರೂ ಇಲ್ಲ. ಅರ್ಜಿಯಿಂದ ಮನೆ ಒಡೆಯುತ್ತದೆಂಬುದು ಇನ್ನೊಂದು ಅಂಜಿಕೆ. ಆದರೆ ಕಾಯ್ದೆ ವಿಚಾರಣೆಗೆ ಮೊದಲು ಸಂಧಾನಾಧಿಕಾರಿಯ ಮೂಲಕ ರಾಜಿಗೆ ಅವಕಾಶವಿಟ್ಟಿದೆ. ಕೇಂದ್ರಕ್ಕೂ ಬರಲಾಗದವರಿಗೆ ಸಹಾಯವಾಣಿ 14567 ಇದೆ.